ಋಣಭಾರ ಮತ್ತು ರಾಜಸೇವೆಯ ಅರ್ಹತೆ

ರಾಜಸೇವಕನ ಸಾಲವು ಅವನ ಮನೆಯ ವಿಷಯವೋ, ರಾಜ್ಯದ ವಿಷಯವೋ ಎಂಬ ಪ್ರಶ್ನೆ ಹಳೆಯದು. ಅಮೆರಿಕದಲ್ಲಿ ಗೋಪ್ಯ ಕಡತಗಳನ್ನು ನೋಡುವ ಅನುಮತಿಯನ್ನು ಅಪೇಕ್ಷಿಸುವವನ ಅರ್ಹತೆಯನ್ನು ಅಳೆಯಲು ಹದಿಮೂರು ಮಾರ್ಗಸೂತ್ರಗಳಿವೆ. ಹಣಕಾಸಿನ ಸ್ಥಿತಿಯು ಅವುಗಳಲ್ಲೊಂದು. ಸಾಲದಲ್ಲಿ ಮುಳುಗಿದವನು ಪರಾಧೀನನು, ಪರಾಧೀನನು ಆಮಿಷಕ್ಕೆ ಎಳಸಿಯಾನು ಎಂಬುದೇ ಅದರ ಹಿಂದಿನ ತರ್ಕ. ಇದೇ ಶಂಕೆಯು ನಮ್ಮ ದೇಶದಲ್ಲಿ ಸರಕಾರಿ ನೌಕರರ ನಡತೆಯ ನಿಯಮಗಳಲ್ಲಿ ನೆಲೆಗೊಂಡಿದೆ. ಮುಂಬಯಿಯ ಕನ್ನಡಿಗರಿಗೆ ಈ ಚರಿತ್ರೆ ಪರಕೀಯವಲ್ಲ.

1928ರಲ್ಲಿ ಬೋರಿವಲಿಯವರೆಗೆ ವಿದ್ಯುತ್ ರೈಲು ಬಂದ ಮೇಲೆ, ವಿಲೆ ಪಾರ್ಲೆಯಂತಹ ಉಪನಗರದಲ್ಲಿ ಮನೆಮಾಡಿ ಕೋಟೆ ಪ್ರದೇಶದ ಕಚೇರಿಗೆ ನಿತ್ಯ ಹೋಗಿಬರುವುದು ಸುಲಭವಾಯಿತು. ಹೀಗೆ ನೆಲೆಸಿದ ಗುಮಾಸ್ತನಿಗೆ ಸಂಬಳವೊಂದೇ ಆಸ್ತಿ. ಮನೆಯ ಪಗಡಿ, ಊರಿಗೆ ಕಳುಹಿಸುವ ಮನಿಯಾರ್ಡರು, ತಂಗಿಯ ಮದುವೆ, ಇವೆಲ್ಲಕ್ಕೂ ಅದೇ ಆಧಾರ. ಸಾಲಕೊಟ್ಟವನ ಕಣ್ಣೂ ಅದರ ಮೇಲೆಯೇ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ಡಿಕ್ರಿಗಾಗಿ ಸಂಬಳವನ್ನು ಜಪ್ತಿ ಮಾಡಲು ಅವಕಾಶವಿತ್ತು, ಅದಕ್ಕೊಂದು ಮಿತಿಯನ್ನೂ ಹಾಕಿತು. 1937ರ ತಿದ್ದುಪಡಿಯಿಂದ ಮೊದಲ 100 ರೂಪಾಯಿಯೂ ಉಳಿದುದರ ಅರ್ಧವೂ ಜಪ್ತಿಯಿಂದ ಮುಕ್ತವಾದುವು. ಇಂದು ಈ ರಕ್ಷಣೆ ಮೊದಲ 1000 ರೂಪಾಯಿಗೂ ಉಳಿದುದರ ಮೂರನೆಯ ಎರಡು ಪಾಲಿಗೂ ಇದೆ.

ನ್ಯಾಯಾಲಯವು ನೌಕರನ ಅನ್ನವನ್ನು ಉಳಿಸಿತು. ಅವನ ಹೆಸರನ್ನು ಉಳಿಸುವುದು ಅದರಿಂದಾಗಲಿಲ್ಲ. ಜಪ್ತಿಯ ಆಜ್ಞೆ ಕಚೇರಿಗೇ ಬರುತ್ತಿತ್ತು. ಅಂತಹ ಪ್ರಸಂಗದಲ್ಲಿ ಮೇಲಧಿಕಾರಿಯು ಸಾಲಕ್ಕೂ ಸಂಬಳಕ್ಕೂ ಇರುವ ಪ್ರಮಾಣವೆಷ್ಟು, ಅದರಿಂದ ಕೆಲಸಕ್ಕೆ ಕುಂದುಂಟೇ, ಆ ಹುದ್ದೆಯಲ್ಲಿ ಅವನನ್ನು ಮುಂದುವರಿಸುವುದು ಉಚಿತವೇ ಎಂಬುದನ್ನು ವರದಿ ಮಾಡಬೇಕಾಗಿತ್ತು. ಕೇಂದ್ರ ಸರಕಾರದ 1964ರ ನಡತೆಯ ನಿಯಮಗಳಲ್ಲಿ 17ನೆಯದು ಈ ವಿಷಯದ್ದು. ನೌಕರನು ಸದಾ ಸಾಲಗಾರನಾಗಿರುವುದನ್ನೂ ದಿವಾಳಿಯನ್ನೂ ತಪ್ಪಿಸಿಕೊಳ್ಳತಕ್ಕದ್ದು; ಸಾಲವಸೂಲಿಯ ದಾವೆ ಹೂಡಲ್ಪಟ್ಟೊಡನೆ ಸರಕಾರಕ್ಕೆ ತಿಳಿಸತಕ್ಕದ್ದು. ಸಾಲವು ದುಂದುಗಾರಿಕೆಯಿಂದಲ್ಲ, ತನ್ನ ಕೈಮೀರಿದ ಸಂದರ್ಭದಿಂದ ಬಂದುದೆಂದು ರುಜುಪಡಿಸುವ ಭಾರವೂ ಅವನದೇ.

ಈ ಇಕ್ಕಟ್ಟಿಗೆ ಪರಿಹಾರವೊಂದು ನಮ್ಮವರ ನಡುವಿನಿಂದಲೇ ಬಂದಿತು. ಸಹಕಾರಿ ಸಾಲದ ಸಂಘಗಳ ಕಾಯಿದೆಯು 1904ರಲ್ಲಿ ಬಂದ ಎರಡೇ ವರ್ಷಗಳಲ್ಲಿ, ಕೆನರಾ ಸೀಮೆಯಿಂದ ಬಂದ ಚಿತ್ರಾಪುರ ಸಾರಸ್ವತರು ಶ್ರೀಪಾದ ಸುಬ್ರಾವ್ ತಲ್ಮಕಿಯವರ ನೇತೃತ್ವದಲ್ಲಿ ಮುಂಬಯಿಯಲ್ಲಿ ಶಾಮರಾವ್ ವಿಠಲ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಮುಂದೆ ಅದು ಬ್ಯಾಂಕಾಗಿ ಬೆಳೆಯಿತು. ಇಂತಹ ಸಂಘಗಳಲ್ಲಿ ಒಡವೆಗಿಂತ ಪರಿಚಿತರ ಜಾಮೀನಿಗೆ ಬೆಲೆ. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆಯ 49ನೆಯ ಕಲಮು, ಸದಸ್ಯನ ಒಪ್ಪಿಗೆಯ ಮೇರೆಗೆ ಕಂತನ್ನು ಸಂಬಳದಿಂದಲೇ ಕಡಿದು ಸಂಘಕ್ಕೆ ಕೊಡುವಂತೆ ವಿಧಿಸಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಎರಡು ಸಂದರ್ಭಗಳಲ್ಲಿಯೂ ಕಡಿತವಾಗುವುದು ಅದೇ ಸಂಬಳ. ನ್ಯಾಯಾಲಯದ ಆಜ್ಞೆಯಿಂದಾದರೆ ಅದು ಕಳಂಕ. ತಾನೇ ಬರೆದುಕೊಟ್ಟ ಒಪ್ಪಿಗೆಯಿಂದಾದರೆ ಅದು ಶಿಸ್ತಿನ ಲಕ್ಷಣ. ಆದುದರಿಂದ ರಾಜ್ಯವು ಅಳೆದುದು ಸಾಲದ ಮೊತ್ತವನ್ನಷ್ಟೇ ಅಲ್ಲ, ಸಾಲಗಾರನು ಯಾರ ಹಿಡಿತದಲ್ಲಿದ್ದಾನೆಂಬುದನ್ನು. ನೆರೆಯವರ ಜಾಮೀನುಳ್ಳವನು ಬಡವನಾದರೂ ನಂಬಿಕೆಗೆ ಅರ್ಹನಾದನು. ಅಂತಹ ನೆರೆ ಇಲ್ಲದವನು ಅಷ್ಟೇ ಸಾಲಕ್ಕೆ ಶಂಕಿತನಾದನು.

ಈಗ ಅಳತೆಗೋಲು ಬದಲಾಗಿದೆ. 2000ದಲ್ಲಿ ಮುಂಬಯಿಯಲ್ಲಿಯೇ ಸ್ಥಾಪಿತವಾದ ಸಿಬಿಲ್ ಸಂಸ್ಥೆಯು ಸಾಲಗಾರನ ಚರಿತ್ರೆಯನ್ನು ಮೂರಂಕಿಯ ಸಂಖ್ಯೆಯಲ್ಲಿ ಹೇಳುತ್ತದೆ. ಸಾಲ ಮರುಪಾವತಿಯ ದಾಖಲೆ ಸರಿಯಿಲ್ಲವೆಂದು ಸ್ಟೇಟ್ ಬ್ಯಾಂಕು ಒಬ್ಬ ಅಭ್ಯರ್ಥಿಯ ನೇಮಕವನ್ನು ರದ್ದುಪಡಿಸಿದುದನ್ನು 2025ರಲ್ಲಿ ಮದ್ರಾಸು ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಸಾರ್ವಜನಿಕ ಹಣವನ್ನು ಕಾಯುವವನಲ್ಲಿ ಇಂತಹ ಎಚ್ಚರವನ್ನು ಬಯಸುವುದು ಅನ್ಯಾಯವಲ್ಲ. ಆದರೆ ಹಳೆಯ ನಿಯಮವು, ಎಷ್ಟೇ ಕಠೋರವಾಗಿದ್ದರೂ, ಸಾಲ ಏಕೆ ಬಂತೆಂಬ ಪ್ರಶ್ನೆಗೆ ಉತ್ತರ ಹೇಳಲು ನೌಕರನಿಗೆ ಎಡೆಗೊಟ್ಟಿತ್ತು. ಅಂಕಿಯು ಆ ಪ್ರಶ್ನೆಯನ್ನು ಕೇಳುವುದಿಲ್ಲ. ಕೇಳುವ ಹೊಣೆ ಅದನ್ನು ಓದುವ ಅಧಿಕಾರಿಯದು.