ಹಡಗು ಕೇಳಿದ ಹೆಸರು

ತಾಳ್ಯದ ನಮ್ಮತ್ತೆಗೆ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಆಸೆ. "ಪಾಸ್‌ಪೋರ್ಟ್ ಎಲ್ಲಿಂದ ತರಲಮ್ಮಾ?" ಎಂದು ಅಳುಕಿದರು. ಅದೂ ನಮ್ಮ ದೇಶವೇ, ಪಾಸ್‌ಪೋರ್ಟ್ ಬೇಡ ಎಂದೆ. ಅಲ್ಲಿನ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆದರೆ 1967ರ ನಿಯಮದಂತೆ ಹೊರಗಿನವರಿಗೆ ಪ್ರವೇಶ ಪರವಾನಗಿ ಬೇಕು. ಅದಕ್ಕೆ ಗುರುತಿನ ಚೀಟಿ ಬೇಕು.

ಅತ್ತೆ ಟ್ರಂಕು ತೆರೆದರು. ಮತದಾರರ ಚೀಟಿಯಲ್ಲಿ ತವರಿನ ಹೆಸರಿತ್ತು, ಆಧಾರ್‌ನಲ್ಲಿ ಮದುವೆಯಲ್ಲಿ ಇಟ್ಟ ಹೆಸರು. ಇಬ್ಬರೂ ಒಬ್ಬರೇ ಎಂದು ನಂಬಿಸುವುದು ಹೇಗೆ?

ಹೆಂಗಸರ ಹೆಸರಿನ ಈ ತೊಡಕು ಹಳೆಯದು. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ಬರೆಯುವಾಗ, ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಎಷ್ಟೋ ಹೆಂಗಸರು ಸ್ವಂತ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಕೊನೆಗೂ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಭಾವಚಿತ್ರವಿರುವ ಚೀಟಿ ಶುರುವಾದದ್ದು 1993ರಲ್ಲಿ, ಟಿ.ಎನ್. ಶೇಷನ್ ಅವರ ಕಾಲದಲ್ಲಿ.

ಇದನ್ನೆಲ್ಲ ಹೇಳಿ, "ಯಾವ ಹೆಸರು ಉಳಿಸೋಣ ಅತ್ತೆ?" ಎಂದು ಕೇಳಿದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, "ಅಪ್ಪ ಇಟ್ಟದ್ದೇ ಇರಲಿ" ಎಂದರು.