ಗಿರಣಗಾಂವ್: ಖಾಡಿ ಮುಚ್ಚಿ ಎದ್ದ ಗಿರಣಿಯೂರು

ಮುಂಬಯಿಯಲ್ಲಿ ಗಿರಣಗಾಂವ್ ಎಂಬ ರೈಲು ನಿಲ್ದಾಣವಿಲ್ಲ. ದಕ್ಷಿಣಕ್ಕೆ ಬೈಕಲಾ, ಉತ್ತರಕ್ಕೆ ದಾದರ್, ಪೂರ್ವಕ್ಕೆ ಶಿವ್ಡಿ, ಪಶ್ಚಿಮಕ್ಕೆ ವರ್ಲಿ. ಈ ನಾಲ್ಕರ ನಡುವಿನ ಲಾಲ್‌ಬಾಗ್, ಪರೇಲ್, ಚಿಂಚ್‌ಪೋಕ್ಳಿ, ಕಾಳಾಚೌಕಿ, ಲೋವರ್ ಪರೇಲ್‌ಗಳನ್ನೆಲ್ಲ ಒಟ್ಟು ಸೇರಿಸಿ ಗಿರಣಿಯ ಜನ ತಾವೇ ಇಟ್ಟುಕೊಂಡ ಹೆಸರು ಅದು. ಗಿರಣಿಗಳು ನಿಂತವು. ಹೆಸರು ಇನ್ನೂ ಜನರ ಬಾಯಲ್ಲಿದೆ. ಆ ಬಾಯಿಗಳು ಒಂದೊಂದಾಗಿ ಮುಚ್ಚಿಹೋಗುವ ಮೊದಲು ಈ ಊರಿನ ಗುರುತುಗಳನ್ನು ಬರೆದಿಡಬೇಕು ಎನ್ನುವುದಕ್ಕೇ ಈ ಬರಹ.

ದಾರಿ ಹಿಡಿಯುವ ಬಗೆ

ಹೊಸಬರಿಗೆ ಇಲ್ಲಿ ದಿಕ್ಕು ತಪ್ಪುತ್ತದೆ. ಮೊದಲು ರೈಲನ್ನು ತಿಳಿದುಕೊಳ್ಳಬೇಕು. ದಕ್ಷಿಣೋತ್ತರವಾಗಿ ಓಡುವ ಮೂರು ರೈಲುಮಾರ್ಗಗಳು ಮಗ್ಗದ ಹಾಸು, ಅವುಗಳ ಮೇಲಿಂದ ಅಡ್ಡ ಹಾಯುವ ಸೇತುವೆಗಳು ಹೊಕ್ಕು. ಮಧ್ಯ ರೈಲ್ವೆಯ ಚಿಂಚ್‌ಪೋಕ್ಳಿಗೆ ಪಶ್ಚಿಮ ರೈಲ್ವೆಯ ಮಹಾಲಕ್ಷ್ಮಿ ಜೋಡಿ, ಕರೀ ರೋಡಿಗೆ ಲೋವರ್ ಪರೇಲ್ ಜೋಡಿ, ಪರೇಲಿಗೆ ಪ್ರಭಾದೇವಿ ಜೋಡಿ. ಪ್ರಭಾದೇವಿಯನ್ನು 2018ರವರೆಗೆ ಎಲ್ಫಿನ್‌ಸ್ಟನ್ ರೋಡ್ ಎನ್ನುತ್ತಿದ್ದರು. ಅಲ್ಲಿಯ ಇಕ್ಕಟ್ಟಾದ ಪಾದಚಾರಿ ಸೇತುವೆಯ ಮೇಲೆ 2017ರ ಸೆಪ್ಟೆಂಬರ್ 29ರಂದು ನೂಕುನುಗ್ಗಲಾಗಿ 20ಕ್ಕೂ ಹೆಚ್ಚು ಮಂದಿ ಸತ್ತರು. ಗಿರಣಿಯ ಪಾಳಿಗೆ ಬರುವವರಿಗೆಂದು ಇದ್ದ ನಿಲ್ದಾಣದ ಮೇಲೆ ಗಾಜಿನ ಆಫೀಸುಗಳ ಜನಸಾಗರವನ್ನು ಹೊರಿಸಿದ್ದರ ಫಲ ಅದು.

ಮೂರನೆಯದು ಹಾರ್ಬರ್ ಮಾರ್ಗ. ಅದರ ಕಾಟನ್ ಗ್ರೀನ್ ನಿಲ್ದಾಣದಲ್ಲಿ ಇಳಿದರೆ ಹತ್ತಿ ವಹಿವಾಟಿನ ಹಳೆಯ ಸೀಮೆ. ಪಶ್ಚಿಮದಲ್ಲಿ ರೈಲಿನ ಪಕ್ಕಕ್ಕೇ ಸಾಗುವ ಸೇನಾಪತಿ ಬಾಪಟ್ ಮಾರ್ಗವನ್ನು ಹಳಬರು ಇವತ್ತಿಗೂ ತುಳಸಿ ಪೈಪ್ ರೋಡ್ ಎಂದೇ ಕರೆಯುತ್ತಾರೆ. ತುಳಸಿ ಕೆರೆಯ ಕುಡಿಯುವ ನೀರು ಪಟ್ಟಣಕ್ಕೆ ಬಂದ ಕೊಳವೆಯ ದಾರಿ ಅದು. ಅದೇ ರಸ್ತೆಯ ಫೀನಿಕ್ಸ್ ಗಿರಣಿ ಇಂದು ದೊಡ್ಡ ಮಾಲ್. ಅದರ ಹೊಗೆಗೂಡು ಮಾತ್ರ ಅಲ್ಲೇ ನಿಂತಿದೆ.

ನೀರಿನ ಗುರುತು

ಈ ಊರಿನ ಎರಡನೆಯ ಭೂಪಟ ನೀರಿನದು. ಮುಂಬಯಿ ಏಳು ದ್ವೀಪಗಳಾಗಿದ್ದಾಗ ಮಹಾಲಕ್ಷ್ಮಿ ಮತ್ತು ವರ್ಲಿಯ ನಡುವಿನ ಖಾಡಿಯ, ಅಂದರೆ ಸಮುದ್ರದ ಒಳಚಾಚಿನ, ಕಂಡಿಯಿಂದ ಉಬ್ಬರದ ನೀರು ಒಳನುಗ್ಗಿ ನಡುವಿನ ತಗ್ಗನ್ನೆಲ್ಲ ಮುಳುಗಿಸುತ್ತಿತ್ತು. ಆ ಕಂಡಿಯನ್ನು ಮುಚ್ಚಿ ಕಟ್ಟಿದ ಒಡ್ಡಿಗೆ ಹಾರ್ನ್‌ಬಿ ವೆಲ್ಲಾರ್ಡ್ ಎಂದು ಹೆಸರು. ಅದರ ಮೇಲಿನ ರಸ್ತೆ ಇಂದಿನ ಲಾಲಾ ಲಜಪತರಾಯ್ ಮಾರ್ಗ. ಹಾಜಿ ಅಲಿ ದರ್ಗಾಕ್ಕೆ ಹೋಗುವವರೆಲ್ಲ ಆ ಒಡ್ಡಿನ ಮೇಲೆ ಕಾಲಿಟ್ಟೇ ಹೋಗುತ್ತಾರೆ, ಒಡ್ಡಿನ ಹೆಸರು ಮಾತ್ರ ರಸ್ತೆಯ ಹಲಗೆಯಲ್ಲಿಲ್ಲ.

ಸಮುದ್ರವನ್ನು ಹೊರಗಿಟ್ಟದ್ದರಿಂದ ಒಳಗಿನ ತಗ್ಗು ನೆಲವಾಯಿತು, ನೆಲ ಸಿಕ್ಕಿದ್ದರಿಂದ ಮುಂದೆ ಗಿರಣಿ, ಚಾಳು, ರೈಲು ಎಲ್ಲವೂ ಬಂದವು. ನೀರು ಮಾತ್ರ ತನ್ನ ಜಾಗ ಮರೆತಿಲ್ಲ. ಜುಲೈ ತಿಂಗಳ ಜಡಿಮಳೆಗೆ ಉಬ್ಬರವೂ ಕೂಡಿತೆಂದರೆ ಪರೇಲಿನ ಹಿಂದ್‌ಮಾತಾ ಬಳಿ ಮೊಣಕಾಲುದ್ದ ನೀರು. ಆಗ ಲವ್‌ಗ್ರೋವ್‌ನಲ್ಲಿ, ಬ್ರಿಟಾನಿಯಾದಲ್ಲಿ ಪಂಪು ಹಚ್ಚಿ ನೀರನ್ನು ಸಮುದ್ರಕ್ಕೆ ಎತ್ತಿಹಾಕಬೇಕು. ಮಳೆಗಾಲದಲ್ಲಿ ಈ ಭಾಗದಲ್ಲಿ ನಡೆಯುವವರು ನೀರು ಎಲ್ಲಿ ನಿಲ್ಲುತ್ತದೆಂದು ನೋಡಿಕೊಂಡರೆ ಹಳೆಯ ಜೌಗಿನ ಗೆರೆ ತಾನೇ ಕಾಣುತ್ತದೆ.

ಮಹಾಲಕ್ಷ್ಮಿಯ ಎರಡು ಇಸವಿಗಳು

ಒಡ್ಡಿನ ಕಥೆಯನ್ನು ಮಹಾಲಕ್ಷ್ಮಿಯಿಂದ ಬೇರೆ ಮಾಡಲಾಗದು. ಕಟ್ಟಿದ ಗೋಡೆ ಕಟ್ಟಿದಂತೆ ಕುಸಿಯುತ್ತಿತ್ತಂತೆ. ಕೆಲಸ ಮಾಡಿಸುತ್ತಿದ್ದ ಪಾಠಾರೆ ಪ್ರಭು ಸಮುದಾಯದ ರಾಮ್‌ಜಿ ಶಿವ್‌ಜಿಯ ಕನಸಿನಲ್ಲಿ ದೇವಿ ಬಂದು ಖಾಡಿಯಲ್ಲಿ ಮುಳುಗಿದ ತನ್ನನ್ನು ಮೇಲೆತ್ತೆಂದಳಂತೆ. ಬಲೆ ಬೀಸಿದಾಗ ಮಹಾಲಕ್ಷ್ಮಿ, ಮಹಾಕಾಳಿ, ಮಹಾಸರಸ್ವತಿಯರ ಮೂರ್ತಿಗಳು ಸಿಕ್ಕವಂತೆ. ಆಮೇಲೆ ಗೋಡೆ ಅಲುಗಲಿಲ್ಲ. ಗುಡಿಗೆ ಜಾಗ ಸಿಕ್ಕಿತು.

ಗುಡಿ ಕಟ್ಟಿದ್ದು ಯಾವಾಗ ಎಂದು ಹುಡುಕಹೋದರೆ ಎರಡು ಇಸವಿಗಳು ಎದುರಾಗುತ್ತವೆ. ಐತಿಹ್ಯದ ಬೆನ್ನುಹಿಡಿದವರು 1785 ಎನ್ನುತ್ತಾರೆ. ಇನ್ನೊಂದು ಕಡೆ 1831ರಲ್ಲಿ ಧಾಕ್‌ಜಿ ದಾದಾಜಿ ಎಂಬ ವರ್ತಕ ಕಟ್ಟಿಸಿದನೆಂದಿದೆ. ಎರಡನ್ನೂ ಸುಳ್ಳೆನ್ನಬೇಕಿಲ್ಲ ಎಂದು ನನ್ನ ಅಭಿಪ್ರಾಯ. ನಮ್ಮ ಕರಾವಳಿಯ ದೇವಸ್ಥಾನಗಳಲ್ಲೂ ಮೊದಲು ಒಂದು ಸಣ್ಣ ಗುಡಿ, ಎರಡು ತಲೆಮಾರು ಕಳೆದ ಮೇಲೆ ಉಳ್ಳವರೊಬ್ಬರ ಜೀರ್ಣೋದ್ಧಾರ. ಶಾಸನದಲ್ಲಿ ಉಳಿಯುವುದು ಎರಡನೆಯವರ ಹೆಸರೇ.

ಗವರ್ನರ್ ವಿಲಿಯಂ ಹಾರ್ನ್‌ಬಿಯ ಕಥೆಯೂ ಹೀಗೇ ತೊಡಕಿನದು. ಲಂಡನ್ನಿನ ಕಂಪನಿ ಒಪ್ಪಿಗೆ ಕೊಡದಿದ್ದರೂ ಅವನು 1782ರಲ್ಲಿ ಕೆಲಸ ಆರಂಭಿಸಿದ, ವಜಾ ಮಾಡಿದ ಪತ್ರ ಕೈಗೆ ಬಂದರೂ ಲೆಕ್ಕಿಸದೆ 1785ರವರೆಗೆ ಅಧಿಕಾರದಲ್ಲಿದ್ದು ಮುಗಿಸಿದ ಎಂದು ಹೇಳುವವರಿದ್ದಾರೆ. ಆದರೆ ಗವರ್ನರುಗಳ ಪಟ್ಟಿಯಲ್ಲಿ ಅವನ ಅಧಿಕಾರ 1784ಕ್ಕೇ ಮುಗಿಯುತ್ತದೆ. ಪತ್ರದ ಪ್ರಸಂಗಕ್ಕೆ ಜನರ ಕಲ್ಪನೆ ಬಣ್ಣ ಹಚ್ಚಿರಬೇಕು. ಗವರ್ನರನಿಗೆ ಒಂದು ಕಥೆ, ಮೇಸ್ತ್ರಿಗೆ ಒಂದು ಕನಸು, ವರ್ತಕನಿಗೆ ಒಂದು ಗುಡಿ ದಕ್ಕಿತು. ಕಲ್ಲು ಹೊತ್ತವರಿಗೆ ಒಂದು ಸಾಲೂ ದಕ್ಕಲಿಲ್ಲ. ಈ ಊರಿನ ಚರಿತ್ರೆಯಲ್ಲಿ ಅದೇ ಅನ್ಯಾಯ ಮುಂದೆಯೂ ನಡೆಯಿತು.

ನೀರಿನಿಂದ ಎದ್ದ ದೇವಿಯ ಜೊತೆಗೆ ನೆಲದಿಂದ ಎದ್ದ ದೇವರಿರುವ ಪರೇಲಿನ ಬಾರಾದೇವಿ ಗುಡಿಯನ್ನೂ ಬಿಡಬಾರದು. 1931ರಲ್ಲಿ ರಸ್ತೆಗೆ ಅಗೆಯುವಾಗ ಸಿಕ್ಕ, ಸುಮಾರು ಮೂರೂವರೆ ಮೀಟರ್ ಎತ್ತರದ ಶಿವಶಿಲ್ಪ ಅಲ್ಲಿ ಪೂಜೆಗೊಳ್ಳುತ್ತಿದೆ. ಆರನೆಯ ಶತಮಾನದ್ದೆಂದು ವಿದ್ವಾಂಸರ ಮತ. ಒಂದೇ ಕಲ್ಲಿನಲ್ಲಿ ಶಿವನ ಮೇಲೆ ಶಿವ ಹೊಮ್ಮುತ್ತಾನೆ.

ಗಿರಣಿಗಳು

ಕಾವಸ್‌ಜಿ ನಾನಾಭಾಯ್ ದಾವರ್ 1854ರಲ್ಲಿ ಕಂಪನಿ ಸ್ಥಾಪಿಸಿ ತಾಡ್‌ದೇವ್‌ನಲ್ಲಿ ಹಾಕಿದ ಗಿರಣಿ 1856ರಲ್ಲಿ ನೂಲು ತೆಗೆಯಿತು. ಕಾರ್ಮಿಕರ ಪರವಾಗಿ 1884ರಲ್ಲಿ ಸಂಘ ಕಟ್ಟಿದವರು ನಾರಾಯಣ ಮೇಘಾಜಿ ಲೋಖಂಡೆ. ಗಿರಣಿಗಳಿಗೆ 1890ರಲ್ಲಿ ಭಾನುವಾರದ ರಜೆ ಸಿಕ್ಕಿದ್ದು ಅವರ ಹೋರಾಟದಿಂದ. ಆಳುಗಳನ್ನು ಸೇರಿಸಿಕೊಳ್ಳುವ ಜಾಬರನ ದಯೆಯಿಂದ ಬದಲಿ ಕೆಲಸ, ಚಾಳಿನ ಒಂದೇ ಕೋಣೆಯಲ್ಲಿ ಪಾಳಿಯಂತೆ ನಿದ್ದೆ, ಊಟಕ್ಕೆ ಖಾನಾವಳಿ, ಇದು ಇಲ್ಲಿನ ಬದುಕು. ಖಾನಾವಳಿ ನಡೆಸುತ್ತಿದ್ದ ಹೆಂಗಸರನ್ನು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲದಲ್ಲಿ ಸಂಘಟಿಸಿದರು.

ಈ ಗಿರಣಿಗಳಿಗೂ ಕನ್ನಡ ನಾಡಿಗೂ ನಂಟಿದೆ. ಮುಂಬಯಿ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಒಂದು ತಳಿಯ ಹೆಸರಿತ್ತು. ಅದು ಬೆಳೆದದ್ದು ಘಟ್ಟದ ಮೇಲಿನ ಬಯಲುಸೀಮೆಯಲ್ಲಿ, ಹಡಗು ಹತ್ತಿದ್ದು ಕುಮಟೆಯಲ್ಲಿ. ಮುಂಬಯಿ ಕನ್ನಡಿಗರೆಂದರೆ ಹೋಟೆಲು, ಬ್ಯಾಂಕು, ರಾತ್ರಿಶಾಲೆ, ಯಕ್ಷಗಾನ ಎಂದು ಬರೆಯುವುದು ನಮ್ಮಲ್ಲಿ ರೂಢಿ. ಬೆಳಗಾವಿ ಕಡೆಯಿಂದ ಬಂದು ಸಾಂಚಾದ (ಗಿರಣಿಯ ಮಗ್ಗದ) ಮುಂದೆ ನಿಂತವರು ಆ ಬರಹಗಳ ಅಂಚಿಗೂ ಬರುವುದಿಲ್ಲ. ಮುಂಬಯಿಯ ಕಾರ್ಮಿಕ ಹೋರಾಟವನ್ನು ಕನ್ನಡ ಕಾದಂಬರಿಗೆ ತಂದವರು ವ್ಯಾಸರಾಯ ಬಲ್ಲಾಳರು. ಅವರ ‘ಬಂಡಾಯ’ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮುಷ್ಕರದ ಆಚೆ

1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಬಹಳಷ್ಟು ಮಂದಿಗೆ ಗಿರಣಿಯ ಬಾಗಿಲು ಮತ್ತೆ ತೆರೆಯಲಿಲ್ಲ. ಉಳಿದದ್ದು ನೆಲದ ಪ್ರಶ್ನೆ: 58 ಗಿರಣಿಗಳ ಸುಮಾರು 600 ಎಕರೆ. 1991ರ ನಿಯಮದಂತೆ ಒಂದು ಪಾಲು ಸಾರ್ವಜನಿಕ ಬಯಲಿಗೆ, ಒಂದು ಪಾಲು ಬಡವರ ಮನೆಗೆ, ಒಂದು ಪಾಲು ಮಾಲೀಕರಿಗೆ ಸಲ್ಲಬೇಕಿತ್ತು. 2001ರ ತಿದ್ದುಪಡಿ ಈ ಹಂಚಿಕೆಯನ್ನು ಗಿರಣಿಯ ಖಾಲಿ ಜಾಗಕ್ಕಷ್ಟೇ ಸೀಮಿತಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಮನೆಗಾಗಿ ಅರ್ಜಿ ಹಾಕಿದ ಕಾರ್ಮಿಕರೂ ವಾರಸುದಾರರೂ ಒಂದೂವರೆ ಲಕ್ಷಕ್ಕೂ ಹೆಚ್ಚು. ಮನೆ ಸಿಕ್ಕವರು ಅದರಲ್ಲಿ ಸಣ್ಣ ಭಾಗ.

ಕಾಳಾಚೌಕಿಯ ಇಂಡಿಯಾ ಯುನೈಟೆಡ್ ಗಿರಣಿಯಲ್ಲಿ ಜವಳಿ ವಸ್ತುಸಂಗ್ರಹಾಲಯವೆಂದು ಮಹಾನಗರಪಾಲಿಕೆ ಯೋಜನೆ ಹಾಕಿದೆ. ಅಲ್ಲಿ ಯಂತ್ರಗಳಷ್ಟೇ ಇದ್ದರೆ ಸಾಲದು. ಹಾಜರಿಯ ಮಸ್ಟರು ಹೊತ್ತಗೆಗಳೂ, ಅವುಗಳಲ್ಲಿರುವ ಹೆಸರುಗಳೂ ಬೇಕು. 1982ರಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತರ ಆಸುಪಾಸು. ಮುಂಬಯಿಯ ಕನ್ನಡ ಸಂಘಗಳು ಈ ವರ್ಷದ ಕಾರ್ಯಕ್ರಮಗಳಲ್ಲಿ ಒಂದನ್ನು ಬಿಟ್ಟಾದರೂ ಸರಿ, ಚಾಳುಗಳಿಗೆ ಹೋಗಿ ಆ ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಳ್ಳಲಿ. ಯಾವ ಊರಿನಿಂದ ಬಂದಿರಿ, ಯಾವ ಖಾತೆಯಲ್ಲಿ ದುಡಿದಿರಿ, ಯಾರ ಖಾನಾವಳಿಯಲ್ಲಿ ಉಂಡಿರಿ ಎಂದು ಕೇಳಲಿ. ಒಡ್ಡು ಕಟ್ಟಿದವರ ಹೆಸರು ಕಳೆದುಕೊಂಡದ್ದಕ್ಕೆ ಇನ್ನು ಪರಿಹಾರವಿಲ್ಲ. ನೂಲು ತೆಗೆದವರ ಹೆಸರುಗಳನ್ನಾದರೂ ಉಳಿಸಿಕೊಳ್ಳಲು ಇನ್ನೂ ಕಾಲವಿದೆ.