ಮಿದುಳಿನ ಪೆಟ್ಟಿನ ನಂತರದ ಮನೋವ್ಯಾಯಾಮ

ತಲೆಗೆ ಪೆಟ್ಟು ಬಿದ್ದು ಚೇತರಿಸಿಕೊಳ್ಳುತ್ತಿರುವವರ ಗಮನ, ನೆನಪು, ಯೋಚನಾಶಕ್ತಿಗಳನ್ನು ದಣಿಸದೆ ಮರಳಿ ಪಳಗಿಸುವ ಕ್ರಮ. ಲಘು ಪೆಟ್ಟಾದರೆ ಮೊದಲ 24ರಿಂದ 48 ಗಂಟೆ ವಿಶ್ರಾಂತಿ ಬೇಕು, ಮೊಬೈಲ್ ನೋಡುವುದನ್ನೂ ತಗ್ಗಿಸಬೇಕು. ಆದರೆ ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸಿಡುವುದು ತಪ್ಪು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಇಂಥ ತರಬೇತಿಯಲ್ಲಿ ಕಾಳು ಆರಿಸುವುದೂ ಒಂದು ಅಭ್ಯಾಸ: ಬೆರೆಸಿಟ್ಟ ಧಾನ್ಯಗಳನ್ನು ಒಂದೊಂದಾಗಿ ಹೆಕ್ಕಿ ಬೇರೆ ಬೇರೆ ಮಾಡಬೇಕು. ರೂಢಿಯಾದಂತೆ ಧಾನ್ಯದ ಬಗೆಗಳನ್ನು ಹೆಚ್ಚಿಸಬಹುದು. ನಮ್ಮ ಅಡುಗೆಮನೆಗೆ ಇಷ್ಟು ಹತ್ತಿರದ, ಖರ್ಚಿಲ್ಲದ ಅಭ್ಯಾಸ ಅಪರೂಪ. ಪರಿಚಿತ ಹಾಡು ಕೇಳುವುದು, ಚೌಕಾಬಾರ ಆಡುವುದು, ನಾಲ್ಕು ಸಾಲು ದಿನಚರಿ ಬರೆಯುವುದೂ ಹಿತ. ತಲೆನೋವು, ಮಂಕು ಹೆಚ್ಚಿದರೆ ಅಲ್ಲಿಗೇ ನಿಲ್ಲಿಸಬೇಕು. ಪದೇ ಪದೇ ವಾಂತಿ, ಅತಿಯಾದ ತೂಕಡಿಕೆ, ತೊದಲು ಮಾತು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.